ಬಟಾಟೆ ಸಿಪ್ಪೆಗೆ ಎಂತ ಮಾಡ್ತಿದ್ದೆ?

ಅಘನಾಶಿನಿ, ಕುಮಟಾ ತಾಲೂಕು
ಭಾನುವಾರ, ೮ ಫೆಬ್ರುವರಿ ೨೦೨೬

ಪ್ರೀತಿಯ ಮಗ ವಿನೋದನಿಗೆ,

ನಿನ್ನ ಆಯಿಯ ಆಶೀರ್ವಾದ. ಆರೋಗ್ಯ ಹೇಗಿದೆ? ಇದಕ್ಕೆ “ಆರಾಮ” ಎಂದು ಒಂದೇ ಮಾತಿನಲ್ಲಿ ಉತ್ತರ ಕೊಡಬೇಡ. ಹೊಟ್ಟೆ ಸರಿ ಇದೆಯಾ, ನಿದ್ದೆ ಬರುತ್ತದೆಯಾ, ಕಾಲಿನ ಬೆರಳ ಸಂದಿಯ ತುರಿಕೆ ಹೋಯಿತಾ, ಒಂದೊಂದಾಗಿ ಹೇಳು. ನಾವು ಮೂವರೂ ಇದ್ದೇವೆ. ಅಪ್ಪನ ಮಂಡಿನೋವು ಹೆಚ್ಚೂ ಆಗಿಲ್ಲ, ಕಮ್ಮಿಯೂ ಆಗಿಲ್ಲ. ಪ್ರಣಿತಾ ಕುಮಟೆಯ ಕಾಲೇಜಿಗೆ ಹೋಗಿ ಬರುತ್ತಿದ್ದಾಳೆ, ಪರೀಕ್ಷೆ ಹತ್ತಿರ ಬಂತು. ಫೋನಿನಲ್ಲೇ ಮಾತಾಡಿ ಕಳಿಸಬಹುದಿತ್ತು ನಾನು. ಪ್ರಯತ್ನ ಮಾಡಿದೆ ಮಗಾ, ನಿನ್ನ ಹೆಸರು ಹೇಳುತ್ತಲೇ ಅಳು ಬಂದು ಫೋನನ್ನು ಪ್ರಣಿತಾಳ ಕೈಗೆ ಕೊಟ್ಟುಬಿಟ್ಟೆ. ನೀರಿನ ಮಧ್ಯೆ ಕೂತವನಿಗೆ ಮನೆಯವರ ಅಳು ಕೇಳಿಸಿ ಏನು ಪ್ರಯೋಜನ? ಅದಕ್ಕೇ ಬರೆಯುತ್ತಿದ್ದೇನೆ. ಪ್ರಣಿತಾ ಫೋಟೋ ತೆಗೆದು ಕಳಿಸುತ್ತಾಳೆ, ನಿಮ್ಮಲ್ಲಿ ಜನರೇಟರ್ ಹಾಕಿದ ಹೊತ್ತಿನಲ್ಲಿ ಬಿಡುವು ಮಾಡಿಕೊಂಡು ಓದು. ನನ್ನ ಅಕ್ಷರ ನಿನಗೆ ಹೊಸದಲ್ಲ, ಏಳನೇ ಇಯತ್ತೆಗೆ ನಿಂತ ಅಕ್ಷರ.

ಹೋದ ವಾರ ನೀನು ಕಳಿಸಿದ ಮಾತು ಇಷ್ಟೇ ಇತ್ತು: “ಆಯಿ, ಬಟಾಟೆ ಸಿಪ್ಪೆಗೆ ಎಂತ ಮಾಡ್ತಿದ್ದೆ ನೀನು? ನಾನು ಮಾಡಿದ್ರೆ ಚರ್ಮದ ಹಾಗೆ ಆಗ್ತದೆ.” ಹಿಂದೆ ಗಾಳಿಯ ಸದ್ದು, ಬೇರೆ ಏನಿಲ್ಲ. ಅಪ್ಪ ನಕ್ಕರು. “ಹಡಗಿನ ಕುಕ್ಕಿಗೆ ಆಯಿ ಕೈ ಅಡುಗೆ ನೆನಪಾತು ಕಾಣು” ಎಂದರು. ನನಗೆ ನಗು ಬರಲಿಲ್ಲ. ನೀನು ಆ ಹಡಗಿಗೆ ಹೋದ ಹೊಸತರಲ್ಲಿ ತಂಪು ಕೋಣೆಯ ಫೋಟೋ ಕಳಿಸಿದ್ದೆ. ಕೋಳಿ, ಸೇಬು, ಬೆಣ್ಣೆ, ಪೆಟ್ಟಿಗೆಗಟ್ಟಲೆ ತರಕಾರಿ. “ಇಲ್ಲಿ ನೀರುಳ್ಳಿಗೆ ಒಂದು ಕಪ್ಪು ಚುಕ್ಕೆ ಇದ್ರೂ ಬಿಸಾಡೂದು ಆಯಿ, ನೀನಿದ್ರೆ ಬಯ್ತಿದ್ದೆ” ಎಂದಿದ್ದೆ. ಅಂಥ ಅಡುಗೆಮನೆಯಲ್ಲಿ ನಿಂತವನು ಬಟಾಟೆ ಸಿಪ್ಪೆ ಕೇಳುತ್ತಾನೆಂದರೆ ಅಲ್ಲಿ ಬಟಾಟೆಯೇ ಮುಗಿಯುತ್ತ ಬಂದಿರಬೇಕು. ದೀಪಾವಳಿಯ ನಂತರ ನೀನು ಊಟದ ಮಾತೇ ಆಡದೆ ಇದ್ದದ್ದು ಆಗ ನೆನಪಾಯಿತು.

ಪ್ರಣಿತಾಳಿಂದ ಹೊನ್ನಾವರದ ಸಂಜಯನಿಗೆ ಫೋನು ಮಾಡಿಸಿದೆ. ಅವನು ಹಿಂದೆ ಹಡಗಿನಲ್ಲಿದ್ದವನು, ಈಗ ನಾವಿಕರ ಸಂಘದ ಕೆಲಸ ನೋಡಿಕೊಳ್ಳುತ್ತಾನೆ, ನಿನಗೂ ಗೊತ್ತಲ್ಲ. ಅವನು ಮುಚ್ಚಿಡಲಿಲ್ಲ. “ಅಕ್ಕ, ಮಾಲಿಕ ಹಡಗನ್ನ ಬಿಟ್ಟು ಹಾಕಿದಾನೆ. ಡೀಸೆಲ್ ಕಳಿಸೂದಿಲ್ಲ, ಸಾಮಾನು ಕಳಿಸೂದಿಲ್ಲ, ಫೋನೂ ತೆಗೆಯೂದಿಲ್ಲ. ಆ ಪರದೇಶದ ಬಂದರದವ್ರು ಒಳಗೆ ಬಿಡೂದಿಲ್ಲ, ಹೊರಗೇ ಲಂಗರು ಹಾಕಿ ನಿಂತಿದೆ. ಹಡಗು ಖಾಲಿ ಬಿಟ್ಟು ಇಳಿಯೂ ಹಾಗೂ ಇಲ್ಲ” ಎಂದ. ಹಾಗಾದರೆ ಅವರು ಏನು ತಿನ್ನುತ್ತಾರೆ ಎಂದು ಕೇಳಿದೆ. ಆ ಊರಿನ ಧರ್ಮದ ಸಂಸ್ಥೆಯವರು ಆಗಾಗ ದೋಣಿಯಲ್ಲಿ ಬಟಾಟೆ, ನೀರುಳ್ಳಿ, ಕೋಸು, ಅಕ್ಕಿ, ಹಿಟ್ಟು ತಂದು ಕೊಡುತ್ತಾರೆ, ಗಾಳಿ ಜೋರಿದ್ದರೆ ದೋಣಿ ಬರುವುದಿಲ್ಲ ಎಂದ. ಇದನ್ನೆಲ್ಲ ನೀನು ಒಬ್ಬನೇ ನುಂಗಿಕೊಂಡು “ಇಲ್ಲಿ ಎಲ್ಲ ಚಲೋ ಇದೆ” ಎಂದು ಹೇಳುತ್ತ ಬಂದೆಯಲ್ಲೋ. ಬಯ್ಯುವುದಕ್ಕೂ ನೀನು ಎದುರಿಗೆ ಇಲ್ಲ.

ಮೊದಲು ನಿನ್ನ ಪ್ರಶ್ನೆಗೆ ಉತ್ತರ ಹೇಳುತ್ತೇನೆ. ಸಿಪ್ಪೆ ಚರ್ಮದ ಹಾಗಾಗುವುದು ಅದನ್ನು ನೇರ ಎಣ್ಣೆಗೆ ಹಾಕಿ ಹುರಿಯುವುದರಿಂದ. ಉದ್ದಕ್ಕೆ ಬಿಡಬೇಡ, ಅಡ್ಡಕ್ಕೆ ಸಣ್ಣಗೆ ಕತ್ತರಿಸು. ಒಗ್ಗರಣೆಗೆ ಹಾಕಿ, ಉಪ್ಪು ಉದುರಿಸಿ, ಒಂದು ಹಿಡಿ ನೀರು ಚಿಮುಕಿಸಿ ಮುಚ್ಚಿಡು. ಹಬೆಯಲ್ಲಿ ಮೆತ್ತಗಾದ ಮೇಲೆ ಮುಚ್ಚಳ ತೆಗೆದು ಖಾರದಪುಡಿ ಹಾಕಿ ಒಣಗಲು ಬಿಡು. ಇನ್ನೂ ಒಳ್ಳೆಯದೆಂದರೆ ಸಿಪ್ಪೆ ತೆಗೆಯುವುದನ್ನೇ ಬಿಟ್ಟುಬಿಡು, ಇಡೀ ಬಟಾಟೆಯನ್ನು ತಿಕ್ಕಿ ತೊಳೆದು ಹಾಗೇ ಬೇಯಿಸು. ಆದರೆ ಹಸಿರು ತಿರುಗಿದ ಸಿಪ್ಪೆಯನ್ನು, ಮೊಳಕೆಯ ಕಣ್ಣನ್ನು ದಪ್ಪವಾಗಿಯೇ ಕೆತ್ತಿ ಎಸೆದುಬಿಡು, ಅದು ವಿಷ. ಹಸಿವಾಗಿದೆ ಎಂದು ಅದನ್ನು ಉಳಿಸಿಕೊಳ್ಳಬೇಡ. ಬೂಸು ಹಿಡಿದದ್ದನ್ನೂ ಅಷ್ಟೇ. ಯಾವುದನ್ನೂ ಎಸೆಯಬೇಡ ಎಂದು ಜೀವಮಾನವೆಲ್ಲ ಹೇಳಿದವಳು ಇದನ್ನು ಹೇಳುತ್ತಿದ್ದೇನೆ, ನಂಬು. ಅಲ್ಲಿ ಒಬ್ಬನಿಗೆ ಹೊಟ್ಟೆ ಕೆಟ್ಟರೆ ಯಾವ ಡಾಕ್ಟರು ಬರುತ್ತಾನೆ?

ಇದನ್ನು ಬರೆಯುವ ಮೊದಲು ಮನೆಯಲ್ಲೇ ಮಾಡಿ ನೋಡಿದೆ. ಸಂಜಯ ಹೇಳಿದ ಸಾಮಾನನ್ನಷ್ಟೇ ಪೇಟೆಯಿಂದ ತರಿಸಿದೆ. ತೆಂಗಿನಕಾಯಿ ತುರಿಯುವ ಈಳಿಗೆಯನ್ನು ಮೂಲೆಗೆ ಒರಗಿಸಿಟ್ಟೆ. ಕಾಯಿ ಇಲ್ಲದೆ, ಹುಳಿ ಇಲ್ಲದೆ, ಹೊಳೆಯ ಬಳಚು ಚಿಪ್ಪುಮೀನು ಇಲ್ಲದೆ ಅಡುಗೆ ಮಾಡುವುದು ನನಗೆ ಹೊಸತು ಮಾರಾಯ, ಕೈ ತಾನಾಗಿ ಕಾಯಿಯ ಕಡೆಗೇ ಹೋಗುತ್ತಿತ್ತು. ಕೋಸಿನ ಒಳಗಿನ ಗಟ್ಟಿ ದಂಟಿನ ಹೊರಪದರ ಕೆತ್ತಿದರೆ ಒಳಗೆ ಮೂಲಂಗಿಯಷ್ಟು ಮೃದುವಾಗಿರುತ್ತದೆ, ತೆಳ್ಳಗೆ ಹೆಚ್ಚಿ ಪಲ್ಯಕ್ಕೆ ಸೇರಿಸು. ಹೊರಗಿನ ಕಡುಹಸಿರು ಎಲೆಯನ್ನು ಸಣ್ಣಗೆ ಕೊಚ್ಚಿ ಉಪ್ಪು ಹಾಕಿ ಹಿಸುಕಿ ರೊಟ್ಟಿ ಹಿಟ್ಟಿಗೆ ಕಲಸಿದರೆ ಹಿಟ್ಟೂ ಹೆಚ್ಚು ಬರುತ್ತದೆ, ಬೇರೆ ಪಲ್ಯವೂ ಬೇಡ. ನೀರುಳ್ಳಿಯ ಒಣ ಸಿಪ್ಪೆ ತಿನ್ನಲು ಬಾರದು, ಆದರೆ ತೊಳೆದು ನೀರಿನಲ್ಲಿ ಕುದಿಸಿ ಸೋಸಿದರೆ ಕೆಂಪು ತಿಳಿ ಬರುತ್ತದೆ. ಅದಕ್ಕೆ ಅನ್ನದ ಗಂಜಿತಿಳಿ ಬೆರೆಸಿ ಉಪ್ಪು, ಮೆಣಸು ಹಾಕು, ಸಾರು ಆಗುತ್ತದೆ. ಅಪ್ಪ ಉಂಡು “ಉಪ್ಪು ಸಮ ಇದೆ” ಎಂದರು, ಅಷ್ಟೇ. ಮರುದಿನವೂ ಅದನ್ನೇ ಬಡಿಸಿದೆ. ಪ್ರಣಿತಾ ತಟ್ಟೆಯ ಮುಂದೆ ಕೂತು, “ಆಯಿ, ನಾವು ಹೀಗೆ ತಿಂದ್ರೆ ಅಣ್ಣನಿಗೆ ಎಂತ ಸಿಗ್ತದೆ?” ಎಂದಳು. ಅವಳು ಕೇಳಿದ್ದು ಸರಿಯೇ. ಆದರೂ ಬೇರೆ ಅಡುಗೆ ಮಾಡಲು ನನ್ನಿಂದ ಆಗಲಿಲ್ಲ.

ಗುರುವಾರ ಕುಮಟೆಯ ಸಭಾಭವನದಲ್ಲಿ ಮದುವೆ ಇತ್ತು. ಮಹಾಗಣಪತಿ ಭಟ್ಟರ ಅಡುಗೆ, ಎಂದಿನಂತೆ ಹೆಚ್ಚುವ ಕೆಲಸಕ್ಕೆ ನಾನು. ನಿನಗೆ ನೆನಪಿದೆಯಲ್ಲ, ಶಾಲೆ ಬಿಟ್ಟು ಬಂದವನು ನನ್ನ ಪಕ್ಕದಲ್ಲಿ ಕೂತು ಬೀನ್ಸಿನ ನಾರು ತೆಗೆಯುತ್ತಿದ್ದೆ, ಭಟ್ಟರು ನಿನಗೊಂದು ಹೋಳಿಗೆ ಕೊಡುತ್ತಿದ್ದರು. ಮಳೆಗಾಲದಲ್ಲಿ ಅಪ್ಪನ ದೋಣಿ ದಡಕ್ಕೆ ಬಿದ್ದಾಗ ಮದುವೆಮನೆಯ ಹೂಕೋಸಿನ ದಂಟು, ಮೊಗೆಕಾಯಿ ಸಿಪ್ಪೆ, ಕುಂಬಳದ ತಿರುಳು ಚೀಲದಲ್ಲಿ ನಮ್ಮ ಮನೆಗೆ ಬರುತ್ತಿತ್ತು. ಅದನ್ನು ತಿಂದೇ ನೀವಿಬ್ಬರೂ ಬೆಳೆದಿರಿ. ಈಗ ಚೀಲ ತರುವುದನ್ನು ಬಿಟ್ಟು ಬಹಳ ವರ್ಷವಾಯಿತು. ಅವತ್ತು ಹೆಚ್ಚಿ ಮುಗಿಸಿದ ಮೇಲೆ ಎಲ್ಲವನ್ನೂ ಬುಟ್ಟಿಗೆ ತುಂಬಿ ಹಿಂದಿನ ಗುಂಡಿಗೆ ಸುರಿಯಲು ಹೋದವಳು ಸುರಿಯಲಾರದೆ ನಿಂತುಬಿಟ್ಟೆ. ಕುಂಬಳದ ಬೀಜ ಒದ್ದೆಯಾಗಿ ಹೊಳೆಯುತ್ತಿತ್ತು. ಹೂಕೋಸಿನ ಎಲೆಗಳು ಈಗಷ್ಟೇ ಕಿತ್ತ ಹಾಗೆ ಹಸಿಯಾಗಿದ್ದವು. ಇಷ್ಟು ಸಾಕಲ್ಲ, ಮಗನಿಗೆ ಒಂದು ವಾರಕ್ಕೆ ಇಷ್ಟು ಸಾಕಲ್ಲ ಎಂದು ಮನಸ್ಸು ಅದನ್ನೇ ಹೇಳುತ್ತಿತ್ತು. ಅಷ್ಟರಲ್ಲಿ ಮೊದಲ ಪಂಕ್ತಿ ಎದ್ದು ಉಂಡ ಬಾಳೆಲೆಗಳು ಗುಂಡಿಗೆ ಬರತೊಡಗಿದವು, ಮುಟ್ಟದ ಅನ್ನ, ಮುರಿಯದ ಹೋಳಿಗೆ. ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ.

ಭಟ್ಟರು ಬಂದು, “ಎಂತ ಆತೇ ಮಾದೇವಿ? ಇಂದು ನಿನ್ನ ಕೈಯೇ ಓಡ್ತಿಲ್ಲೆ” ಎಂದರು. ಹೇಳಿದೆ. ಅವರು ಹೆಗಲ ಮೇಲಿನ ಪಂಚೆಯಿಂದ ಮುಖ ಒರೆಸಿಕೊಂಡರು. ಆಮೇಲೆ, ಕಲ್ಲಂಗಡಿ ಸಿಕ್ಕರೆ ಒಳಗಿನ ಬಿಳಿ ಭಾಗವನ್ನು ಎಸೆಯಬಾರದು, ತುರಿದು ಅಕ್ಕಿಹಿಟ್ಟಿಗೆ ಕಲಸಿ ದೋಸೆ ಹೊಯ್ಯಲು ಹೇಳು, ಉದ್ದು ಬೇಡ, ಹುಳಿ ಬರಿಸುವುದೂ ಬೇಡ ಎಂದು ನಿನಗಾಗಿ ಹೇಳಿದರು. ಬಾಳೆಕಾಯಿ ಸಿಕ್ಕರೆ ಸಿಪ್ಪೆಯನ್ನು ಮಜ್ಜಿಗೆ ಇಲ್ಲದಿದ್ದರೂ ಉಪ್ಪುನೀರಿನಲ್ಲಿ ನೆನೆಸಿಟ್ಟು ಪಲ್ಯ ಮಾಡಬಹುದಂತೆ. “ಯನ್ನ ಕೈಲಿ ಆಪ್ದು ಇಷ್ಟೇಯ” ಎಂದು ಎದ್ದು ಹೋದರು. ಸಾವಿರ ಜನರಿಗೆ ಉಣ್ಣಿಸುವ ಮನುಷ್ಯ ತನ್ನ ಕೈಲಿ ಆಗುವುದು ಇಷ್ಟೇ ಎಂದದ್ದು ಕೇಳಿ ನನಗೆ ಇನ್ನಷ್ಟು ಭಯವಾಯಿತು.

ಒಂದು ಪಾರ್ಸೆಲ್ ಕಟ್ಟಿದ್ದೆ. ಹುಳಿಗೆಂದು ಒಣಗಿಸಿದ ಮುರುಗಲ ಸಿಪ್ಪೆ, ಹುಣಸೆ ಉಂಡೆ, ಮಿಡಿ ಉಪ್ಪಿನಕಾಯಿ, ಕಲ್ಲಂಗಡಿ ಬೀಜ ಹುರಿದು ಮಾಡಿದ ಚಟ್ನಿಪುಡಿ, ಸೀಗಡಿ ಪುಡಿ. ಅಪ್ಪ ಅದನ್ನು ಬಲೆಯ ದಾರದಿಂದ ಬಿಗಿದು ಹೊನ್ನಾವರದ ಕೊರಿಯರ್ ಅಂಗಡಿಗೆ ಹೊತ್ತರು. ಅಲ್ಲಿನ ಹುಡುಗಿ ಒಳ್ಳೆಯವಳು, ವಿಳಾಸ ಹೇಳಿ ಎಂದಳು. ಹಡಗಿನ ಹೆಸರು ಹೇಳಿದೆವು. ಊರು, ರಸ್ತೆ, ಪಿನ್ ನಂಬರು ಬೇಕು ಎಂದಳು. ಸಮುದ್ರದಲ್ಲಿ ನಿಂತಿದೆ ಎಂದೆವು. ಅವಳು ಕಂಪ್ಯೂಟರಿನಲ್ಲಿ ಏನೇನೋ ಒತ್ತಿ ನೋಡಿ, “ಇದು ತಗೊಳ್ಳೂದಿಲ್ಲ ಅಮ್ಮ” ಎಂದಳು. ಬಂದರದ ವಿಳಾಸಕ್ಕೆ ಕಳಿಸಿದರೆ ಬಿಡಿಸಿಕೊಳ್ಳುವವರು ಯಾರೂ ಇಲ್ಲ, ಮಾಲಿಕನ ಏಜೆಂಟನೂ ಕೈಬಿಟ್ಟಿದ್ದಾನೆ ಎಂದು ಸಂಜಯನೂ ಹೇಳಿದ. ಅಪ್ಪ ಪಾರ್ಸೆಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದರು. ಅದು ಈಗ ಅಕ್ಕಿ ಡಬ್ಬಿಯ ಮೇಲೆ ಇದೆ. ಬಿಚ್ಚಲು ಯಾರಿಗೂ ಮನಸ್ಸು ಬರುತ್ತಿಲ್ಲ.

ಕಾರವಾರಕ್ಕೂ ಹೋಗಿ ಬಂದೆವು. ಜಿಲ್ಲಾಧಿಕಾರಿ ಕಚೇರಿಯವರು ಕೂರಿಸಿ ನೀರು ಕೊಟ್ಟರು, ಮನವಿ ತೆಗೆದುಕೊಂಡರು, ದಿಲ್ಲಿಗೆ ಕಳಿಸುತ್ತೇವೆ ಎಂದರು. ಯಾರೂ ಗದರಿಸಲಿಲ್ಲ ಮಗಾ, ಗದರಿಸಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಎಲ್ಲರೂ ಒಳ್ಳೆಯ ಮಾತೇ ಆಡುತ್ತಾರೆ, ಯಾರ ಕೈಯಲ್ಲೂ ಏನೂ ಇಲ್ಲ. ಪ್ರಣಿತಾ ಅಪ್ಪನ ಫೋನಿಗೆ ಹಡಗು ಎಲ್ಲಿದೆ ಎಂದು ತೋರಿಸುವ ಒಂದು ಆಪ್ ಹಾಕಿಕೊಟ್ಟಿದ್ದಾಳೆ. ನೀಲಿ ನೀರಿನ ಮೇಲೆ ಸಣ್ಣ ಕೆಂಪು ಗುರುತು. ಅಪ್ಪ ಬಲೆ ರಿಪೇರಿ ಮಾಡುತ್ತ ಪಕ್ಕದಲ್ಲಿ ಅದನ್ನು ಇಟ್ಟುಕೊಂಡಿರುತ್ತಾರೆ. ಆ ಗುರುತು ಒಂದಿಷ್ಟು ತಿರುಗಿದರೂ, “ಮೂಡುಗಾಳಿ ಬಿದ್ದದೆ ಅಲ್ಲಿ, ಹಡಗು ಲಂಗರಿನ ಮೇಲೆ ತಿರುಗ್ತು” ಎನ್ನುತ್ತಾರೆ. ಬದುಕೆಲ್ಲ ಸಮುದ್ರಕ್ಕೆ ಹೋಗಿ ಬಂದ ಮನುಷ್ಯ. ನಿನ್ನನ್ನು ಕರೆತರಲು ಒಂದು ದೋಣಿ ಸಾಲದು ಎಂಬುದನ್ನು ಅವರಿಗೆ ಯಾರು ಹೇಳಬೇಕು? ಅವರಿಗೇ ಗೊತ್ತಿದೆ.

ಮೊನ್ನೆ ಭಟ್ಕಳದ ಕಡೆಯಿಂದ ದೇವಪ್ಪ ಎನ್ನುವವರು ಬೈಕಿನಲ್ಲಿ ಬಂದರು. ನಿನ್ನ ಜೊತೆಗಿರುವ ಅನೂಪನ ಅಪ್ಪ. ಸಂಜಯನಿಂದ ವಿಳಾಸ ತೆಗೆದುಕೊಂಡು ನಮ್ಮನ್ನು ನೋಡಲೆಂದೇ ಬಂದವರು. ಚಾ ಕುಡಿಯುತ್ತ, ಅನೂಪ ಮನೆಗೆ ಏನು ಹೇಳಿದ್ದಾನೆಂದು ಹೇಳಿದರು. ನೀನು ಇದ್ದದ್ದನ್ನೇ ದಿನಕ್ಕೊಂದು ಬಗೆ ಮಾಡಿ, ಹೆಸರಿಟ್ಟು ಬಡಿಸುತ್ತೀಯಂತೆ. ಕೋಸಿನ ದಂಟಿಗೆ ಮದುವೆ ಪಲ್ಯ ಎಂದು ಕರೆಯುತ್ತೀಯಂತೆ. ಅನೂಪ ಒಂದು ದಿನ ಮಲಗಿದಲ್ಲಿಂದ ಏಳದೆ ಗೋಡೆಗೆ ಮುಖ ಹಾಕಿದ್ದಾಗ ನೀನು ತಟ್ಟೆ ಹಿಡಿದು ಅಲ್ಲೇ ಕೂತು, ಅವನು ಉಣ್ಣುವ ತನಕ ಏಳಲಿಲ್ಲವಂತೆ. “ನಿಮ್ಮ ಮಗ ಅಲ್ಲಿ ಇರೂ ತನಕ ನಮ್ಮ ಅನೂಪನ ಹೊಟ್ಟೆ ಚಿಂತೆ ನಮಗಿಲ್ಲ ಅಕ್ಕ” ಎಂದು ದೇವಪ್ಪ ಕೈ ಮುಗಿದರು. ಅಪ್ಪನ ಮುಖ ಅಷ್ಟು ದಿನಗಳಲ್ಲಿ ಮೊದಲ ಸಲ ಅರಳಿತು. ನನಗೂ ಹೆಮ್ಮೆ ಆಗಲಿಲ್ಲ ಎಂದರೆ ಸುಳ್ಳು. ಆದರೆ ಅವರು ಹೋದ ಮೇಲೆ ಒಂದು ವಿಷಯ ಹೊಳೆಯಿತು. ಅನೂಪ ಹೇಳಿದ್ದರಲ್ಲಿ ನೀನು ಮಾಡಿದ್ದಿತ್ತು, ಬಡಿಸಿದ್ದಿತ್ತು. ನೀನು ಉಂಡದ್ದು ಎಲ್ಲೂ ಇರಲಿಲ್ಲ.

ಇನ್ನೆರಡು ಮಾತು. ಕರೆಂಟು ಇರುವ ಹೊತ್ತು ಕಮ್ಮಿ ಎಂದು ಅಕ್ಕಿಯನ್ನು ಅರೆಬೆಂದದ್ದೇ ತಿನ್ನಬೇಡಿ. ಮುಂಚೆಯೇ ನೆನೆಸಿಡು, ಒಲೆ ಬಿಸಿಯಾದ ತಕ್ಷಣ ಒಂದು ಜೋರು ಕುದಿ ಬರಿಸಿ, ಮುಚ್ಚಳ ತೆಗೆಯದೆ ಪಾತ್ರೆಯನ್ನು ದಪ್ಪ ಕಂಬಳಿಯಲ್ಲಿ ಸುತ್ತಿ ಇಟ್ಟುಬಿಡು. ತನ್ನ ಬಿಸಿಯಲ್ಲೇ ಬೇಯುತ್ತದೆ. ಅಷ್ಟರಲ್ಲಿ ಒಲೆಯ ಮೇಲೆ ಪಲ್ಯ ಆಗುತ್ತದೆ. ನಾನು ಗೋಣಿಚೀಲ ಸುತ್ತಿ ಮಾಡಿ ನೋಡಿದೆ, ಅನ್ನ ಚೆನ್ನಾಗಿ ಅರಳಿತು. ಅಪ್ಪ ಬರೆಸುತ್ತಿರುವುದು: ಗಾಳ ಹಾಕುವುದಾದರೆ ಬೆಳಗಿನ ಹೊತ್ತು ಹಡಗಿನ ನೆರಳು ಬೀಳುವ ಮಗ್ಗುಲಲ್ಲಿ ಹಾಕು, ಹಿಟ್ಟಿನ ಉಂಡೆಗೆ ಸ್ವಲ್ಪ ಹತ್ತಿ ಸೇರಿಸಿ ನಾದಿದರೆ ನೀರಲ್ಲಿ ಬೇಗ ಕರಗುವುದಿಲ್ಲ. ಗುರುತಿಲ್ಲದ ಮೀನನ್ನು, ಉಬ್ಬಿಕೊಳ್ಳುವ ಮೀನನ್ನು ಯಾವ ಕಾರಣಕ್ಕೂ ತಿನ್ನಬೇಡ. ತಿನ್ನುವ ಮೀನು ಸಿಕ್ಕರೆ ತಲೆ, ಮುಳ್ಳು ಎಲ್ಲ ಕುದಿಸಿ ಸಾರು ಮಾಡು.

ಬರೆಯುತ್ತ ಹೋದರೆ ಮುಗಿಯುವುದಿಲ್ಲ. ಅನೂಪನಿಗೆ, ನಿಮ್ಮ ಕ್ಯಾಪ್ಟನ್ ಸಾಹೇಬರಿಗೆ ನನ್ನ ನಮಸ್ಕಾರ ಹೇಳು. ಪ್ರಣಿತಾ ನಿನ್ನನ್ನು ಬಹಳ ಕೇಳಿದ್ದಾಳೆ, ಅಪ್ಪನ ಆಶೀರ್ವಾದವೂ ಇದೆ. ಊರ ದೇವರು ನಿನ್ನ ತಲೆ ಕಾಯಲಿ.

ಇತಿ,
ನಿನ್ನ ಆಯಿ
ಮಾದೇವಿ

ತಾ.ಕ.: ಮೇಲಿನದ್ದನ್ನು ಬರೆದು ಮುಗಿಸಿ ಪ್ರಣಿತಾಳ ಕೈಗೆ ಕೊಡುವಷ್ಟರಲ್ಲಿ ಸಂಜಯ ಮನೆಗೇ ಬಂದ. ಅರ್ಧ ಜನರನ್ನು ಮನೆಗೆ ಕಳಿಸಲು ಬಂದರದವರು ಒಪ್ಪಿದ್ದಾರಂತೆ, ಹಡಗು ಕಾಯಲು ಉಳಿದವರು ಇರಬೇಕಂತೆ. ಹೋಗುವವರಲ್ಲಿ ನಿನ್ನ ಹೆಸರು ಇತ್ತು. ನೀನೇ ಕ್ಯಾಪ್ಟನ್ ಹತ್ತಿರ ಹೋಗಿ, “ನನ್ನ ಬದಲು ಬೇರೆಯವರನ್ನು ಕಳಿಸಿ, ಇರುವವರಿಗೆ ಅಡುಗೆ ಮಾಡುವವರು ಬೇಕಲ್ಲ” ಎಂದೆಯಂತೆ. ಅನೂಪ ಉಳಿಯುವವರಲ್ಲಿ ಇದ್ದಾನಂತೆ. ಸಂಜಯ ಇದನ್ನು ಹೇಳುವಾಗ ನಮ್ಮ ಮುಖ ನೋಡಲಿಲ್ಲ. ಅಪ್ಪ, “ಅಡುಗೆಯವ ಎದ್ದು ಬಂದ್ರೆ ಉಳಿದವ್ರು ಎಂತ ತಿಂತ್ರು? ಹುಡುಗ ಸರಿ ಮಾಡ್ದ” ಎಂದು ಎದ್ದು ಹೊಳೆಯ ಕಡೆ ನಡೆದರು. ನಡೆಯುವಾಗ ಕೈಗೋಲು ತೆಗೆದುಕೊಳ್ಳುವುದನ್ನೂ ಮರೆತರು.

ನಾನು ಇಷ್ಟು ಪುಟ ಬರೆದದ್ದು ನೀನು ಅಲ್ಲೇ ಇನ್ನಷ್ಟು ದಿನ ಉಳಿಯಲಿ ಎಂದಲ್ಲ. ಇವನ್ನು ಹರಿದು ಹಾಕೋಣ ಎನಿಸಿತು. ಬೇಯಿಸಲು ಏನೂ ತೋಚದಿದ್ದರೆ ನೀನು ಬರುತ್ತಿದ್ದೆಯೇನೋ ಎಂದು ಅನಿಸಿತು. ಹರಿಯಲು ಕೈ ಬರಲಿಲ್ಲ, ಉಳಿಯುವವರಿಗೂ ಹಸಿವು ಇದೆ. ಅದಕ್ಕೇ ಒಂದು ಉಪಾಯ. ಈ ಪುಟಗಳನ್ನು ಅನೂಪನಿಗೆ ಓದಿ ಹೇಳು, ಒಲೆಯ ಮುಂದೆ ನಿಲ್ಲಿಸಿಕೊಂಡು ಎಲ್ಲವನ್ನೂ ಮಾಡಿ ತೋರಿಸು. ಅವನೂ ಕಲಿಯಬಲ್ಲ. ದೇವಪ್ಪನವರು ನನ್ನ ಮುಂದೆ ಕೈ ಮುಗಿದು ಹೋದದ್ದು ನನಗೆ ನೆನಪಿಲ್ಲ ಎಂದುಕೊಳ್ಳಬೇಡ. ಅವರ ಮುಖವನ್ನು ಇನ್ನು ಹೇಗೆ ನೋಡುತ್ತೇನೋ ಗೊತ್ತಿಲ್ಲ. ನಾನು ಆಡುತ್ತಿರುವುದು ನ್ಯಾಯದ ಮಾತಲ್ಲ, ಗೊತ್ತಿದೆ. ಹೋಗುವವರನ್ನು ಕರೆದೊಯ್ಯುವ ದೋಣಿ ಮಂಗಳವಾರ ಬರುತ್ತದಂತೆ, ಹೆಸರು ಬದಲಿಸಲು ಇನ್ನೂ ಆಗುತ್ತದಂತೆ. ಅಪ್ಪನಿಗೆ ಈ ಸಾಲು ತೋರಿಸಿಲ್ಲ. ಹೋಗಿ ಕ್ಯಾಪ್ಟನ್ ಹತ್ತಿರ ನಾನೂ ಹೊರಡುತ್ತೇನೆ ಎಂದು ಹೇಳು. ನಿನಗೆ ಹೇಳಲು ನಾಚಿಕೆಯಾದರೆ “ನನ್ನ ಆಯಿ ಹೇಳಿದಳು” ಎನ್ನು, ಎಲ್ಲರೂ ನನ್ನನ್ನೇ ಬಯ್ಯಲಿ. ಬಾ ಮಗಾ.